ಪೆನ್‌ಡ್ರೈವ್‌ನಲ್ಲಿ ಶಾರ್ಟ್‌ಕಟ್ ಕಾಟವೇ? ಫಾರ್ಮ್ಯಾಟ್ ಹೊಡೆಯೋ ಮುಂಚೆ ಇದನ್ನ ಓದಿ

ಝೆರಾಕ್ಸ್ ಅಂಗಡೀಲಿ ಒಂದು ಪ್ರಿಂಟ್ ತೆಗೆಸ್ಕೊಂಡು ಬಂದು ಪೆನ್‌ಡ್ರೈವ್ ಓಪನ್ ಮಾಡಿದ್ರೆ ಫೋಲ್ಡರ್‌ಗಳೆಲ್ಲ ಮಾಯ, ಅವುಗಳ ಹೆಸರಲ್ಲೇ ಒಂದೊಂದು ಶಾರ್ಟ್‌ಕಟ್ ಕೂತಿರುತ್ತೆ, ಮೂಲೇಲಿ ಪುಟ್ಟ ಬಾಣ, ಸೈಜ್ ಒಂದೆರಡು ಕೆಬಿ. ಡಿಲೀಟ್ ಮಾಡಿದ್ರೆ ಮತ್ತೆ ಹಾಜರ್.

ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಯೂಸ್ಡ್ ಸ್ಪೇಸ್ ಮೊದಲಿನಷ್ಟೇ ಇದ್ರೆ ಫೈಲ್‌ಗಳು ಅಲ್ಲೇ ಇವೆ, ವೈರಸ್ ಬಚ್ಚಿಟ್ಟಿದೆ ಅಷ್ಟೆ. ಫಾರ್ಮ್ಯಾಟ್ ಮಾಡಿದ್ರೆ ಅವನ್ನ ನೀವೇ ಕೈಯಾರೆ ಕಳ್ಕೋತೀರಿ. ವೈರಸ್‌ಗೆ ಮಾತ್ರ ಏನೂ ಆಗಲ್ಲ, ಅದು ಆಗ್ಲೇ ಕಂಪ್ಯೂಟರ್‌ನಲ್ಲಿ ಕೂತು ಯಾವ ಪೆನ್‌ಡ್ರೈವ್ ಬರುತ್ತೆ ಅಂತ ಕಾಯ್ತಿರುತ್ತೆ. ಕಂಪ್ಯೂಟರ್ ಬಿಟ್ಟು ಪೆನ್‌ಡ್ರೈವ್ ಒಂದನ್ನೇ ಕ್ಲೀನ್ ಮಾಡೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾತ್ರ ಮಾಡ್ಬೇಡಿ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಅನ್ನೋ ಸಾಲು ಓದಿ. ಸಾಮಾನ್ಯವಾಗಿ ಅಲ್ಲಿ ಸಿಎಂಡಿ, ಡಬ್ಲ್ಯೂಸ್ಕ್ರಿಪ್ಟ್ ಅಂತೆಲ್ಲ ಇದ್ದು ಜೊತೆಗೆ ವಿಬಿಎಸ್ ಅಂತ ಕೊನೆಯಾಗೋ ಒಂದು ಫೈಲ್ ಹೆಸರಿರುತ್ತೆ. ಕಳ್ಳ ಅದೇ, ಹೆಸರು ಬರ್ಕೊಳ್ಳಿ.

ಈಗ ಪೆನ್‌ಡ್ರೈವ್ ತೆಗೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೀರಿ. ಡೀಟೇಲ್ಸ್‌ನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಓಡ್ತಿದ್ರೆ ಎಂಡ್ ಟಾಸ್ಕ್ ಕೊಡಿ. ಆಮೇಲೆ ಸ್ಟಾರ್ಟಪ್ ಟ್ಯಾಬ್‌ಗೆ ಹೋಗಿ ಮೇಲಿನ ಹೆಡ್ಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ಕಮಾಂಡ್ ಲೈನ್ ಅನ್ನೋದನ್ನ ಆನ್ ಮಾಡಿದ್ರೆ ಆ ಫೈಲ್ ಯಾವ ಫೋಲ್ಡರ್‌ನಲ್ಲಿ ಅಡಗಿದೆ ಅಂತ ಪೂರ್ತಿ ವಿಳಾಸ ಸಿಗುತ್ತೆ, ಹೆಚ್ಚಾಗಿ ಟೆಂಪ್ ಅಥವಾ ಆ್ಯಪ್‌ಡೇಟಾ ಒಳಗೇ ಇರುತ್ತೆ. ಸ್ಟಾರ್ಟಪ್‌ನಲ್ಲಿ ಆ ಸಾಲನ್ನ ಡಿಸೇಬಲ್ ಮಾಡಿ, ಆ ಫೋಲ್ಡರ್‌ಗೆ ಹೋಗಿ ಫೈಲ್ ಅಳಿಸಿ. ಆದ್ರೆ ಡಬ್ಲ್ಯೂಸ್ಕ್ರಿಪ್ಟ್ ವಿಂಡೋಸ್‌ದೇ ಪ್ರೋಗ್ರಾಂ, ಸಿಟ್ಟಲ್ಲಿ ಅದನ್ನೇ ಅಳಿಸೋಕೆ ಹೋಗ್ಬೇಡಿ.

ಇಷ್ಟಾದ್ಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ, 15 ನಿಮಿಷ ಹಿಡಿಯುತ್ತೆ, ಒಂದು ಕಾಫಿ ಕುಡಿಯೋಷ್ಟು ಟೈಮು.

ಪೆನ್‌ಡ್ರೈವ್ ಸರದಿ ಈಗ. ಚುಚ್ಚಿ, ಶಾರ್ಟ್‌ಕಟ್‌ಗಳನ್ನೂ ಆ ವಿಬಿಎಸ್ ಫೈಲನ್ನೂ ಡಿಲೀಟ್ ಮಾಡಿ. ನಿಜವಾದ ಫೋಲ್ಡರ್‌ಗಳಿಗೆ ಹಿಡನ್ ಜೊತೆ ಸಿಸ್ಟಮ್ ಅಂತಾನೂ ಮುದ್ರೆ ಬಿದ್ದಿರೋದ್ರಿಂದ ಹಿಡನ್ ಐಟಮ್ಸ್ ಟಿಕ್ ಮಾಡಿದ್ರೂ ಕಾಣಲ್ಲ, ಕಮಾಂಡ್ ಪ್ರಾಂಪ್ಟ್ ಬೇಕೇ ಬೇಕು, ಅಂದ್ರೆ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಹುಡುಕಿದ್ರೆ ತೆರೆಯೋ ಕಪ್ಪು ಕಿಟಕಿ. ಡ್ರೈವ್ ಅಕ್ಷರ ಇ ಆಗಿದ್ರೆ ಇ ಕೋಲನ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಮುಂದಿನ ಸಾಲಲ್ಲಿ ಎ-ಟಿ-ಟಿ-ಆರ್-ಐ-ಬಿ, ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಟಾರ್ ಡಾಟ್ ಸ್ಟಾರ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಒಂದೊಂದರ ಮಧ್ಯೆ ಸ್ಪೇಸ್ ಇರ್ಲಿ, ಮೈನಸ್‌ಗೂ ಅಕ್ಷರಕ್ಕೂ ನಡುವೆ ಬೇಡ. ಸ್ಲ್ಯಾಶ್ ಅಂದ್ರೆ ಪ್ರಶ್ನಾರ್ಥಕ ಚಿಹ್ನೆ ಕೀಲಿರೋದು. ಎಂಟರ್ ಒತ್ತಿದ್ರೆ ಫೋಲ್ಡರ್‌ಗಳು ವಾಪಸ್. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅಂತ ಒಂದು ಕಂಡ್ರೆ ಗಾಬರಿ ಬೇಡ, ಅದು ವಿಂಡೋಸ್ ಮಾಡಿದ್ದು. ಹೆಸರೇ ಇಲ್ಲದ ಫೋಲ್ಡರ್ ಕಂಡ್ರೆ ಅದರೊಳಗೂ ನೋಡಿ, ಕೆಲವು ವೈರಸ್‌ಗಳು ಎಲ್ಲಾನೂ ಅಂಥದ್ದರಲ್ಲಿ ತುಂಬಿಡ್ತವೆ.

ಡ್ರೈವ್ ತೆಗೆದು ಮತ್ತೆ ಹಾಕಿ. ಶಾರ್ಟ್‌ಕಟ್ ಇನ್ನೂ ಹುಟ್ಟಿದ್ರೆ, ಹೊತ್ತಿಗೆ ಸರಿಯಾಗಿ ಪ್ರೋಗ್ರಾಂಗಳನ್ನ ತಾನೇ ಓಡಿಸೋ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೂ ಬರ್ಕೊಂಡ ಅದೇ ಫೈಲ್ ಹೆಸರು ಹುಡುಕಿ. ಅಂಗಡೀಗೆ ಇನ್ಮೇಲೆ ಪಿಡಿಎಫ್ ಮೇಲ್ ಮಾಡಿಬಿಡಿ, ಪೆನ್‌ಡ್ರೈವ್ ಕೊಡ್ಲೇಬೇಕು ಅಂದ್ರೆ ಬೇರೇನೂ ಇಲ್ಲದ ಹಳೇದೊಂದನ್ನ ಅದಕ್ಕೇ ಅಂತ ಇಟ್ಕೊಳ್ಳಿ.