ತೀರ್ಪು ಬದಿಗಿಟ್ಟು ಕಡತ ಓದಿದ ಅನುಭವ

'ಪ್ರಕೃತಿಗೆ ವಿರುದ್ಧ' ಅಂತ ಸಲಿಂಗ ಸಂಬಂಧವನ್ನೂ ಅಪರಾಧ ಮಾಡಿದ್ದ ಹಳೇ ಐಪಿಸಿಯ ಕಲಂ 377ರ ಮೇಲೆ ಇನ್ನೊಂದು ಪ್ರಬಂಧ ಯಾಕೆ ಅಂತ ನನ್ನ ಗೈಡ್ ಮೊದಲೇ ಕೇಳಿದ್ದರು. ಒಪ್ಪಿದ ವಯಸ್ಕರನ್ನು ಕಲಮಿನಿಂದ ಹೊರಗಿಟ್ಟ ದೆಹಲಿ ಹೈಕೋರ್ಟಿನ 2009ರ ನಾಜ್, ಅದನ್ನು ತಿರುಗಿಸಿದ ಸುಪ್ರೀಂ ಕೋರ್ಟಿನ 2013ರ ಕೌಶಲ್, ಮತ್ತೆ ಹೊರಗಿಟ್ಟ 2018ರ ನವತೇಜ್, ಈ ತೀರ್ಪುಗಳನ್ನು ಅರೆದು ಕುಡಿಯದವರು ನಮ್ಮಲ್ಲಿ ಯಾರಿದ್ದಾರೆ?

ನನ್ನನ್ನು ಕಾಡುತ್ತಿದ್ದದ್ದು ಕೌಶಲ್ ತೀರ್ಪಿನ ಒಂದೇ ಸಾಲು. 150ಕ್ಕೂ ಜಾಸ್ತಿ ವರ್ಷಗಳಲ್ಲಿ 200ಕ್ಕಿಂತ ಕಡಿಮೆ ಜನರ ಮೇಲೆ ಕೇಸು ನಡೆದಿದೆ ಅನ್ನೋ ಲೆಕ್ಕ. ಅದು ಲಾ ರಿಪೋರ್ಟ್ ಅನ್ನೋ ತೀರ್ಪಿನ ಸಂಪುಟಗಳಲ್ಲಿ ವರದಿಯಾದ ಆದೇಶಗಳ ಲೆಕ್ಕ. ಲಾ ರಿಪೋರ್ಟಿಗೆ ಹತ್ತುವುದು ಹೆಚ್ಚಾಗಿ ಮೇಲ್ಮನವಿ. ಕೆಳ ಕೋರ್ಟಲ್ಲೇ ಮುಗಿದದ್ದು, ಪೊಲೀಸರೇ ಬಿ ರಿಪೋರ್ಟ್ ಹಾಕಿ ಮುಚ್ಚಿದ್ದು ಎಲ್ಲಿ ಹೋಯಿತು? ಕಡತಗಳನ್ನೇ ಓದ್ತೀನಿ ಅಂದೆ. 'ಅದು ಗುಮಾಸ್ತನ ಕೆಲಸ' ಅಂತ ಇಬ್ಬರು ಹಿರಿಯರು ನಕ್ಕರು.

ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಕಲಂ ಹಾಕಿ ಹುಡುಕಿದ ಮೊದಲ ಎರಡು ತಿಂಗಳು ದಂಡ. ಕಲಂ ನಮೂದಿಸೋದು ಒಂದೊಂದು ಕೋರ್ಟಲ್ಲಿ ಒಂದೊಂದು ಥರ. ಒಂದು ಕೋರ್ಟಲ್ಲಿ ಬರೀ 377, ಇನ್ನೊಂದರಲ್ಲಿ '376, 377, 506' ಒಟ್ಟಿಗೆ. ಪಟ್ಟಿ ಪೂರ್ತಿ ಎಸೆದೆ. ಆಮೇಲೆ ಹೇಗೆ ಹುಡುಕಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಮುಂದಿನ ಪ್ರಬಂಧಕ್ಕೆ ಬೇಕು. ಕಡತದ ನಕಲು ಕೇಳಿ ಕೋರ್ಟಿಗೆ ಹಾಕಿದ ಅರ್ಜಿಗಳಲ್ಲಿ ಮೂರು ವಾಪಸ್ ಬಂದವು. ಪಕ್ಷಗಾರನಲ್ಲದ ನಿಮಗೆ ಇದೆಲ್ಲ ಯಾಕ್ರೀ ಅಂತ. ಅಫಿಡವಿಟ್, ನಕಲು ಶುಲ್ಕ ಸೇರಿ ನಾಲ್ಕು ಸಾವಿರ, ಬಸ್ಸು-ಊಟಕ್ಕೆ ಹನ್ನೊಂದು ಸಾವಿರ ಆಗಿರಬೇಕು. ಫೆಲೋಶಿಪ್ ಇರಲಿಲ್ಲ. ಹೆಂಡತಿಯ ಚೀಟಿ ದುಡ್ಡು.

ಕೈಗೆ ಸಿಕ್ಕಿದ್ದು ಅರವತ್ತು ಚಿಲ್ಲರೆ ಕಡತ. ಒಪ್ಪಿದ ವಯಸ್ಕರ ಕೇಸು ಲೆಕ್ಕಕ್ಕೆ ಸಿಗದೆ ಬಹಳ ಇವೆ ಅನ್ನೋ ನನ್ನ ವಾದ ಅಲ್ಲೇ ಕುಸಿಯಿತು. ಬಹುಪಾಲು ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳು. 2012ರ ಪೋಕ್ಸೋ ಬರುವವರೆಗೆ ಹುಡುಗರಿಗೆ ಬೇರೆ ಕಲಂ ಎಲ್ಲಿತ್ತು? ಒಪ್ಪಿದ ವಯಸ್ಕರ ಕೇಸು ಬೆರಳೆಣಿಕೆ. ಅದರಲ್ಲೊಂದು ಮರೆಯೋಕಾಗಲ್ಲ. ದೂರು ಕೊಟ್ಟವನು ಮನೆ ಮಾಲೀಕ. ಆರ್ಡರ್ ಶೀಟ್ ಹದಿನಾಲ್ಕು ಪುಟ, ಪುಟ ಪುಟಕ್ಕೂ 'ಸಾಕ್ಷಿ ಗೈರು, ಸಮನ್ಸ್ ಮರುಜಾರಿ'. ಆರು ವರ್ಷ ಅಲೆದ ಮೇಲೆ ಇಬ್ಬರೂ ಖುಲಾಸೆ. ಸರ್ಕಾರ ಮೇಲ್ಮನವಿ ಹಾಕಲಿಲ್ಲ. ಕೌಶಲ್ ಲೆಕ್ಕದಲ್ಲಿ ಇವರಿಬ್ಬರೂ ಇಲ್ಲವೇ ಇಲ್ಲ, ಅಲ್ವಾ?

ಪ್ರಬಂಧ ತಿರುಗಿಸಿ ಬರೆದೆ. 377 ಎಷ್ಟು ಜನರನ್ನು ಜೈಲಿಗೆ ಹಾಕಿತು ಅನ್ನೋದು ಬಿಟ್ಟು, ಕೋರ್ಟು ಯಾವ ಕಾಗದ ನೋಡಿ ಎಣಿಸಿತು ಅನ್ನೋದನ್ನು ಹಿಡಿದೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಪಟ್ಟಿ ಹಿಡಿದು ಹಿಜ್ರಾ ಗೆಳತಿಯರ ಮುಂದೆ ಕೂತೆ. 'ನಮ್ಮನ್ನ ಹಿಡಿಯೋಕೆ 377 ಯಾಕೆ ಬೇಕಿತ್ತು ಸರ್? ಪೊಲೀಸ್ ಕಾಯ್ದೆ ಇತ್ತಲ್ಲ' ಅಂತ ಒಬ್ಬಾಕೆ ನಕ್ಕಳು. ಹಿಜ್ರಾಗಳ ಮೇಲೆ ನಿಗಾ ಇಡೋಕೆ ಅಂತ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ ಕಲಂ 36ಎ ಅವಳ ಬಾಯಲ್ಲೇ ಇತ್ತು. ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅಡಿಟಿಪ್ಪಣಿ ಹಾಕಿ ಜಾರಿಕೊಂಡೆ.

ಎರಡು ಕಡೆ ತಿರಸ್ಕಾರವಾಗಿ, ಮೂರನೇ ಪತ್ರಿಕೆಯಲ್ಲಿ ಅಚ್ಚಾಯಿತು. ನಕ್ಕ ಹಿರಿಯರಲ್ಲಿ ಒಬ್ಬರು ಈಗ ತಮ್ಮ ವಿದ್ಯಾರ್ಥಿಗಳಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಅಕ್ರಮ ಬಂಧನ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಹೀಗೇ ಎಣಿಸಬೇಕು ಅಂತಿದ್ದೇನೆ. ಚೀಟಿ ದುಡ್ಡು ಇನ್ನೂ ತೀರಿಸಿಲ್ಲ.