ನರಿಯ ಗುದ್ದಿನ ಮುಂದೆ ಒಬ್ಬನೇ ಕೂರುವುದು

ಐಸ್‌ಲ್ಯಾಂಡಿನ ವಾಯವ್ಯ ತುದಿಯಲ್ಲಿರುವ ಹಾರ್ನ್‌ಸ್ಟ್ರಾಂಡಿರ್‌ಗೆ ರಸ್ತೆಯಿಲ್ಲ. ಬೇಸಿಗೆಯಲ್ಲಿ ಈಸಾಫ್ಯೋರ್ದುರ್ ಪಟ್ಟಣದಿಂದ ದೋಣಿ ಬಿಡುತ್ತಾರೆ. ಇಲ್ಲಿ ವರ್ಷವಿಡೀ ನೆಲೆಸಿದ್ದ ಕೊನೆಯ ಒಕ್ಕಲುಗಳು 1950ರ ದಶಕದ ಹೊತ್ತಿಗೆ ಜಾಗ ಬಿಟ್ಟವು. 1975ರಲ್ಲಿ ಇದು ರಕ್ಷಿತ ಪ್ರದೇಶವಾಯಿತು. ಕುರಿಗಳು ಮೇಯದಿರುವುದರಿಂದ ಆಂಜೆಲಿಕಾ ಗಿಡಗಳು ಹಳೆಯ ಮನೆಗಳ ಪಾಯವನ್ನೇ ಮುಚ್ಚಿ ಬೆಳೆಯುತ್ತವೆ.

ನಾನು ಹೋಗುವುದು ಆರ್ಕ್ಟಿಕ್ ನರಿಯ ಫೋಟೊ ತೆಗೆಯಲು. ಮನುಷ್ಯ ಬರುವ ಮೊದಲೇ ಐಸ್‌ಲ್ಯಾಂಡಿನಲ್ಲಿ ನೆಲೆಸಿದ್ದ ನೆಲದ ಸಸ್ತನಿ ಇದೊಂದೇ. ದೇಶದ ಬೇರೆಡೆ ಇದನ್ನು ಬೇಟೆಯಾಡುತ್ತಾರೆ, ಇಲ್ಲಿ ಬೇಟೆಗೆ ನಿಷೇಧವಿದೆ. ಆದ್ದರಿಂದ ಇಲ್ಲಿನ ನರಿ ನಮ್ಮನ್ನು ಕಂಡ ಕೂಡಲೇ ಓಟ ಕೀಳುವುದಿಲ್ಲ. ಆ ನಂಬಿಕೆಯನ್ನು ಕೆಡಿಸಬಾರದು ಎಂಬುದೇ ನನ್ನ ಕೆಲಸದ ಮೊದಲ ನಿಯಮ.

ಕಬಿನಿಯಲ್ಲಿ ಜೀಪಿನೊಳಗೆ ಕುಳಿತು ಚಿತ್ರ ತೆಗೆದು ರೂಢಿಯಾದವನಿಗೆ ಇಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಡೇರೆಯನ್ನು ಗುದ್ದಿನಿಂದ ಬಹಳ ದೂರದಲ್ಲಿ ಹಾಕುತ್ತೇನೆ. ಊಟದ ಒಂದು ಚೂರನ್ನೂ ಹೊರಗೆ ಬಿಡುವುದಿಲ್ಲ. ಒಮ್ಮೆ ರುಚಿ ಹತ್ತಿದರೆ ನರಿ ಮುಂದಿನ ಪ್ರವಾಸಿಯ ಚೀಲಕ್ಕೂ ಬಾಯಿ ಹಾಕುತ್ತದೆ. ಪ್ರತಿದಿನ ಅದೇ ಬಂಡೆಯ ಪಕ್ಕ, ಅದೇ ಅಂಗಿಯಲ್ಲಿ ಕೂರುತ್ತೇನೆ. ಜೂನ್‌ನಲ್ಲಿ ಕತ್ತಲಾಗುವುದೇ ಇಲ್ಲವಾದ್ದರಿಂದ ನಿದ್ದೆಗೆ ಹಗಲು, ಕಾಯಲು ರಾತ್ರಿ. ಜೊತೆಗೆ ಯಾರನ್ನೂ ಕರೆದೊಯ್ಯುವುದಿಲ್ಲ. ಇಬ್ಬರಿದ್ದರೆ ಪಿಸುಮಾತು ತಪ್ಪದು, ನರಿ ಸುತ್ತಿ ಬಳಸಿ ಹೋಗುತ್ತದೆ.

ಒಂದು ರಾತ್ರಿ ಹೆಣ್ಣು ನರಿ ನನ್ನ ಬಂಡೆಯ ಕೆಳಗೇ ಬಂತು. ಚಳಿಗಾಲದ ತುಪ್ಪಳ ತೊಡೆಯ ಮೇಲೆ ಇನ್ನೂ ಗುಪ್ಪೆಗುಪ್ಪೆಯಾಗಿ ಜೋತಾಡುತ್ತಿತ್ತು. ಬಾಯಲ್ಲಿ ಗಿಲ್ಲೆಮಾಟ್ ಹಕ್ಕಿಯ ಮೊಟ್ಟೆ: ಹಸಿರು ಮಿಶ್ರಿತ ನೀಲಿ, ಮೇಲೆ ಕಪ್ಪು ಗೀರುಗಳು, ಒಂದು ತುದಿ ಚೂಪು. ಪಾಚಿಯಲ್ಲಿ ಮುಂಗಾಲಿನಿಂದ ಕುಳಿ ತೋಡಿ, ಮೊಟ್ಟೆಯನ್ನು ಬಿರುಕು ಬಿಡದಂತೆ ಇಳಿಸಿ, ಮೂತಿಯಿಂದ ಮಣ್ಣು ತಳ್ಳಿ ಮುಚ್ಚಿತು. ಕಡಲಹಕ್ಕಿಗಳು ಬೇಸಿಗೆ ಮುಗಿಯುತ್ತಲೇ ಹೊರಟುಹೋಗುತ್ತವೆ, ನರಿ ಮಾತ್ರ ಇಲ್ಲೇ ಉಳಿಯುತ್ತದೆ. ಈ ಹಕ್ಕಿಗಳು ಮೊಟ್ಟೆಯಿಡುವ ಹಾರ್ನ್‌ಬ್ಯಾರ್ಗ್‌ನ ಐನೂರು ಮೀಟರ್ ಮೀರಿದ ಬಂಡೆಗೋಡೆ ಅದಕ್ಕೆ ಉಗ್ರಾಣ. ಆ ಮೊಟ್ಟೆಯ ಚಿತ್ರ ನನಗೆ ಸಿಗಲಿಲ್ಲ. ಶಟರ್ ಒತ್ತಿದ್ದರೆ ಆ ಸದ್ದಿಗೆ ಅದು ಹೂಳುವುದನ್ನು ಅರ್ಧಕ್ಕೇ ಬಿಡುತ್ತಿತ್ತು, ಹಾಗಾಗಿ ಒತ್ತಲಿಲ್ಲ.

ಒಂಟಿಯಾಗಿ ಹೋಗುವವರು ಮರಳುವ ದೋಣಿಯ ದಿನವನ್ನು ಯಾರಿಗಾದರೂ ಬರೆದುಕೊಟ್ಟಿರಬೇಕು. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಉಪಗ್ರಹ ಸಂಪರ್ಕದ ಸಾಧನ ಬೇಕೇ ಬೇಕು. ಅಳಿವೆ ದಾಟುವುದಕ್ಕೆ ಕಡಲಿನ ಇಳಿತದ ವೇಳೆಯನ್ನು ಮೊದಲೇ ನೋಡಿಕೊಳ್ಳಬೇಕು. ಮಂಜು ಕವಿದರೆ ಎಷ್ಟೇ ಆಸೆಯಿದ್ದರೂ ಬಂಡೆಯಂಚಿಗೆ ಹೋಗಕೂಡದು.

ಮರಿಗಳು ಹೊರಬರುವ ಕಾಲಕ್ಕೆ ತಾಯಿ ನನ್ನತ್ತ ತಿರುಗಿ ಒರಟಾಗಿ ಬೊಗಳಿದರೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಎದ್ದುಬಿಡುತ್ತೇನೆ. ಆ ಬೇಸಿಗೆಯಲ್ಲಿ ಆ ಗುದ್ದಿನ ಕಡೆ ಮತ್ತೆ ಹೋಗುವುದಿಲ್ಲ.