ಹೊಸ ಕೆಮಿಕಲ್ ಫಾರಿನ್‌ಗೆ ಕಳಿಸೋ ಮುಂಚೆ ಸರ್ಕಾರಿ ಫೀ ಲೆಕ್ಕ ಹಾಕೋದು ಹ್ಯಾಂಗ

ರಾಯಚೂರು ಚಿಕ್ಕಸೂಗೂರು ಕಡೆ ಸಣ್ಣ ಕೆಮಿಕಲ್ ಯೂನಿಟ್ ಇಟ್ಟೋರು, ಬಳ್ಳಾರಿ ಜೀನ್ಸ್ ವಾಶಿಂಗಿಗೆ ಮಾಲು ಮಾಡಿಕೊಡೋರು, ಇಂಥೋರಿಗೆ ಯುರೋಪು ಅಮೆರಿಕಾದಿಂದ ಎನ್‌ಕ್ವೈರಿ ಬಂದಾಗ ಮೊದಲ ಪ್ರಶ್ನೆ ಒಂದೇ, ಕೆಜಿಗೆ ರೇಟ್ ಎಷ್ಟು. ನಾವು ಕಚ್ಚಾ ಮಾಲು, ಡ್ರಮ್ಮು, ಲಾರಿ ಬಾಡಿಗಿ, ಪೋರ್ಟ್ ತನಕದ ಖರ್ಚು ಎಲ್ಲಾ ಕೂಡಿಸಿ ಅವತ್ತೇ ರೇಟ್ ಕೊಟ್ಟುಬಿಡ್ತೀವಿ. ಆ ದೇಶದ ಸರ್ಕಾರ ಆ ಕೆಮಿಕಲ್ ಮಾರ್ಕೆಟ್‌ಗೆ ಬರೋಕ ಮುಂಚೆ ಪರಿಶೀಲನೆ ಮಾಡ್ತದ, ಅದಕ್ಕ ಫೀ ತೊಗೋತದ ಅನ್ನೋದು ನೆನಪೇ ಇರಂಗಿಲ್ಲ. ನಾನು ಎಕ್ಸ್‌ಪೋರ್ಟ್ ಪೇಪರ್ ಕೆಲಸ ಮಾಡ್ತೀನ್ರಿ, ಈ ಫೀ ಒಂದರಿಂದಲೇ ಆರ್ಡರಿನ ಲಾಭ ಪೂರ್ತಿ ಹೋಗಿದ್ದು ಕಣ್ಣಾರೆ ನೋಡೀನಿ, ಅದಕ್ಕ ರೇಟ್ ಕೊಡೋಕ ಮುಂಚೆ ಏನೇನು ನೋಡ್ಬೇಕು ಅಂತ ಬರೀತೀನಿ.

ಮೊದಲು ನಿಮ್ಮ ಮಾಲಿನ ಸಿಎಎಸ್ ನಂಬರ್ ತೆಗೀರಿ, ಅಂದ್ರ ಒಂದೊಂದು ಕೆಮಿಕಲ್‌ಗೂ ಇರೋ ಗುರುತಿನ ನಂಬರ್. ಮಿಕ್ಸ್ಚರ್ ಆದ್ರ ಒಳಗಿರೋ ಒಂದೊಂದು ಪದಾರ್ಥದ್ದೂ ನಂಬರ್ ಬೇಕು, ಯಾಕಂದ್ರ ಕಾನೂನು ಡ್ರಮ್ಮಿನ ಮ್ಯಾಲಿನ ಬ್ರ್ಯಾಂಡ್ ಹೆಸರು ನೋಡಂಗಿಲ್ಲ, ಒಳಗಿನ ಪದಾರ್ಥ ನೋಡ್ತದ. ಕೀಟನಾಶಕ ಆಗಿದ್ರ ಈ ದಾರಿನೇ ಬ್ಯಾರೆ, ನಮ್ಮ ದೇಶದಾಗೂ ಅದಕ್ಕ 1968ರ ಕೀಟನಾಶಕ ಕಾಯ್ದೆ ಅದ, ಅದನ್ನ ಇದರ ಜೊತಿ ಕಲಸಬ್ಯಾಡ್ರಿ.

ಅಮೆರಿಕಾದ್ದು ನೋಡೋಣ. ಅಲ್ಲಿ 1976ರ ಟಿಎಸ್‌ಸಿಎ ಅನ್ನೋ ಕೆಮಿಕಲ್ ನಿಯಂತ್ರಣ ಕಾನೂನು, ನಡೆಸೋದು ಇಪಿಎ, ಅಂದ್ರ ಅಲ್ಲಿನ ಸರ್ಕಾರದ ಪರಿಸರ ಇಲಾಖೆ. ಅವರ ಹತ್ರ ಒಂದು ಇನ್ವೆಂಟರಿ ಪಟ್ಟಿ ಅದ, 86 ಸಾವಿರಕ್ಕೂ ಮ್ಯಾಲ ಪದಾರ್ಥ ಅದರಾಗ ಅದಾವ, ಪಬ್ಲಿಕ್ ಭಾಗ ಆನ್‌ಲೈನ್‌ನಾಗ ಪುಕ್ಕಟೆ ಹುಡುಕಬಹುದು. ನಿಮ್ಮ ನಂಬರ್ ಅಲ್ಲಿ ಸಿಕ್ತು ಅಂದ್ರ ಅದು ಹಳೇ ಪದಾರ್ಥ, ಹೊಸ ಕೆಮಿಕಲ್ ಫೀ ಇಲ್ಲ, ಆದ್ರ ಆ ನಂಬರಿನ ಮುಂದ ಏನಾದ್ರೂ ನಿರ್ಬಂಧದ ಗುರುತು ಅದ ಏನು ಅಂತ ಅದನ್ನೂ ಓದ್ರಿ. ಸಿಗಲಿಲ್ಲ ಅಂದಕೂಡ್ಲೆ ಹೊಸದು ಅಂತ ತಿಳ್ಕೋಬ್ಯಾಡ್ರಿ, ಗುಪ್ತ ಪಟ್ಟಿ ಒಂದು ಬ್ಯಾರೆ ಅದ, ನಿಜವಾಗಿ ತರಿಸೋ ಉದ್ದೇಶ ಇರೋ ಅಲ್ಲಿನ ಕಂಪನಿ ಇಪಿಎಗೆ ಬರೆದು ಕೇಳಿದ್ರ ಅದರಾಗ ಅದನೋ ಇಲ್ಲೋ ಹೇಳ್ತಾರ. ಎರಡರಾಗೂ ಇಲ್ಲ ಅಂದ್ರ ಪಿಎಂಎನ್ ಅನ್ನೋ ಅರ್ಜಿ, ಅಂದ್ರ ಹೊಸ ಕೆಮಿಕಲ್ ತರಿಸೋಕ ಮುಂಚೆ ಕೊಡೋ ನೋಟಿಸು, ಹಾಕ್ಬೇಕು, ಪರಿಶೀಲನೆಗೆ 90 ದಿನ ಅಂತ ಕಾನೂನು ಹೇಳ್ತದ, ನಡುವೆ ನಿಲ್ಲಿಸಿ ಹೆಚ್ಚಿನ ಮಾಹಿತಿ ಕೇಳಿದ್ರ ಇನ್ನೂ ಉದ್ದ ಆಗ್ತದ. ಫೀ 2018ರಾಗ 16,000 ಡಾಲರ್ ಇತ್ತು, 2024ರ ಏಪ್ರಿಲ್‌ನಿಂದ 37,000 ಡಾಲರ್ ಆಗ್ಯದ, ಅಂದ್ರ ನಮ್ಮ ದುಡ್ಡಿನಾಗ 30 ಲಕ್ಷದ ಮ್ಯಾಲ. ಸಣ್ಣ ಕಂಪನಿಗೆ 6,480 ಡಾಲರ್. ಈ ರಿಯಾಯಿತಿ ನಿಮ್ಮ ಸೈಜ್ ನೋಡಿ ಕೊಡಂಗಿಲ್ಲ, ಅರ್ಜಿ ಹಾಕೋ ಅಮೆರಿಕಾದ ಇಂಪೋರ್ಟರ್ ಸೈಜ್ ನೋಡಿ ಕೊಡ್ತಾರ, ಅವನ ತಾಯಿ ಕಂಪನಿ ಜನಾನೂ ಎಣಿಸ್ತಾರ, ಹಂಗಾಗಿ ಬೈಯರ್‌ಗೆ ಮೊದಲೇ ಕೇಳ್ರಿ.

ವರ್ಷಕ್ಕ 10,000 ಕೆಜಿ ಒಳಗೇ ತರಿಸೋದಾದ್ರ ಲೋ ವಾಲ್ಯೂಮ್ ವಿನಾಯಿತಿಗೆ ಅರ್ಜಿ ಹಾಕಬಹುದು, ಪರಿಶೀಲನೆ 30 ದಿನ, ಫೀನೂ ಪಿಎಂಎನ್‌ಗಿಂತ ಭಾಳ ಕಡಿಮಿ. ಲ್ಯಾಬ್ ಸಂಶೋಧನೆಗೆ ಸ್ವಲ್ಪ ಮಾಲು ಕಳಿಸೋದಕ್ಕ, ನಿಯಮಕ್ಕ ಹೊಂದೋ ಪಾಲಿಮರ್‌ಗೆ ಫೀ ಇಲ್ಲದ ದಾರಿ ಅದಾವ. ಅರ್ಜಿ ಹಾಕಿ ಮನಸ್ಸು ಬದಲಾದ್ರ, ಪರಿಶೀಲನೆ ಶುರುವಾದ ಮೊದಲ 10 ಕೆಲಸದ ದಿನದೊಳಗ ವಾಪಸ್ ತೊಗೊಂಡ್ರ 75% ಫೀ ತಿರುಗಿ ಬರ್ತದ.

ಯುರೋಪಿನ ಲೆಕ್ಕ ಪೂರ್ತಿ ಬ್ಯಾರೆ, ನಮ್ಮೋರು ಹೆಚ್ಚು ಎಡವೋದು ಇಲ್ಲೇ. ಅಲ್ಲಿ ರೀಚ್ ಅನ್ನೋ ಕೆಮಿಕಲ್ ರಿಜಿಸ್ಟ್ರೇಶನ್ ಕಾನೂನು, ಅದನ್ನ ನಡೆಸೋ ಆಫೀಸು ಫಿನ್‌ಲೆಂಡಿನ ಹೆಲ್ಸಿಂಕಿಯಾಗ. ಪದಾರ್ಥ ಹಳೇದಾ ಹೊಸದಾ ಅಂತ ನೋಡಂಗಿಲ್ಲ, ವರ್ಷಕ್ಕ 1 ಟನ್ ಮುಟ್ಟಿತು ಅಂದ್ರ ತರಿಸೋ ಒಬ್ಬೊಬ್ಬರೂ ರಿಜಿಸ್ಟರ್ ಮಾಡ್ಬೇಕು, ಬ್ಯಾರೆಯವರು ಮಾಡ್ಯಾರ ಅಂದ್ರ ನಡೆಯಂಗಿಲ್ಲ. ನಾವು ಇಲ್ಲಿಂದ ನೇರ ಮಾಡೋಕ ಬರಂಗಿಲ್ಲ, ಬೈಯರ್ ಮಾಡ್ಬೇಕು, ಇಲ್ಲಾಂದ್ರ ನಮ್ಮ ಪರವಾಗಿ ರಿಜಿಸ್ಟರ್ ಮಾಡೋಕ ಅಲ್ಲೇ ಇರೋ ಒಬ್ಬ ಪ್ರತಿನಿಧಿನ, ಅಂದ್ರ ಓನ್ಲಿ ರೆಪ್ರೆಸೆಂಟೇಟಿವ್‌ನ ನಾವು ನೇಮಿಸ್ಬೇಕು. ಫೀ ಟನ್ ಮ್ಯಾಲ ಹೋಗ್ತದ. 2008ರ ಮೂಲ ನಿಯಮದಾಗ 1ರಿಂದ 10 ಟನ್‌ಗೆ 1,600 ಯೂರೋ, 1,000 ಟನ್ ಮ್ಯಾಲ 31,000 ಯೂರೋ ಇತ್ತು, ಅದೇ ಪದಾರ್ಥದ ಬ್ಯಾರೆಯವರ ಜೊತಿ ಸೇರಿ ಅರ್ಜಿ ಹಾಕಿದ್ರ ಕಾಲು ಭಾಗ ಕಡಿಮಿ. ಆಮೇಲೆ ಏರ್ಯಾವ, ಅರ್ಜಿ ಹಾಕೋ ದಿನದ ಪಟ್ಟಿ ತೆಗೆದು ನೋಡ್ರಿ. 1ರಿಂದ 10 ಟನ್ ಒಳಗಿದ್ದು ರೀಚ್ ಕಾನೂನಿನ ಅನೆಕ್ಸ್ 7, ಅಂದ್ರ 7ನೇ ಅನುಬಂಧ, ಕೇಳೋ ಮಾಹಿತಿ ಪೂರ್ತಿ ಕೊಟ್ರ ಫೀ ಇಲ್ಲ ಅಂತ ಕಾನೂನಿನಾಗೇ ಅದ, ಇದು ಭಾಳ ಮಂದಿಗೆ ಗೊತ್ತಿಲ್ಲ, ಸಣ್ಣೋರಿಗೆ ದೊಡ್ಡ ಅನುಕೂಲ.

ಯುರೋಪಿನಾಗೂ ಸಣ್ಣ ಕಂಪನಿಗೆ ರಿಯಾಯಿತಿ ಅದ, ಈ ಸೈಜಿನ ಲೆಕ್ಕ ನಿಧಾನಕ್ಕ ಓದ್ರಿ. ಓನ್ಲಿ ರೆಪ್ರೆಸೆಂಟೇಟಿವ್ ಮೂಲಕ ಹೋದ್ರ ಅವನ ಸೈಜ್ ಲೆಕ್ಕಕ್ಕ ಬರಂಗಿಲ್ಲ, ನಮ್ಮ ಯೂನಿಟ್ಟಿನ ಸೈಜ್ ಬರ್ತದ. ಯುರೋಪಿನ ಪ್ರಕಾರ ಸಣ್ಣದು ಅಂದ್ರ 50ಕ್ಕಿಂತ ಕಡಿಮಿ ಜನ, ಜೊತಿಗೆ ವಹಿವಾಟು ಇಲ್ಲಾ ಬ್ಯಾಲೆನ್ಸ್ ಶೀಟ್ 1 ಕೋಟಿ ಯೂರೋ ಒಳಗ. ನಮ್ಮ ಉದ್ಯಮ್ ಸರ್ಟಿಫಿಕೇಟು ಮಶಿನ್ ಬಂಡವಾಳ, ವಹಿವಾಟು ಅಷ್ಟೇ ನೋಡ್ತದ, ಜನ ಎಣಿಸಂಗಿಲ್ಲ, ಹಂಗಾಗಿ ಅದನ್ನ ಹಿಡ್ಕೊಂಡು ಸಣ್ಣ ಅಂತ ಟಿಕ್ ಹಾಕಬ್ಯಾಡ್ರಿ. ನಾನು ಅದೇ ತಪ್ಪು ಮಾಡೀನಿ. ನಾನು ಪೇಪರ್ ಮಾಡಿದ ಯೂನಿಟ್ಟಿನ ಮಾಲೀಕರದ್ದು ಇನ್ನೊಂದು ಕಂಪನಿ ಇತ್ತು, ಅರ್ಧಕ್ಕಿಂತ ಹೆಚ್ಚು ಪಾಲು ಅವರದೇ, ಅದರ ಜನಾನೂ ವಹಿವಾಟೂ ಕೂಡಿಸಬೇಕಿತ್ತು, ನಾನು ಕೂಡಿಸಲಿಲ್ಲ, ಆಮೇಲೆ ಲೆಕ್ಕಪತ್ರ ಕೇಳಿದಾಗ ಬಿಟ್ಟುಹೋದ ಫೀ ಜೊತಿ ದಂಡದಂಗ ಆಡಳಿತ ಶುಲ್ಕಾನೂ ಕಟ್ಟಬೇಕಾಯ್ತು. ಮಾಲೀಕರ ಮುಂದ ನಿಂತು ಅದನ್ನ ಹೇಳಿದ ದಿನ ರಾತ್ರಿ ನಿದ್ದಿ ಬರಲಿಲ್ಲ. 25% ಮ್ಯಾಲ ಪಾಲು ಇರೋ ಕಂಪನಿದೂ ಪಾಲಿನ ಪ್ರಕಾರ ಸೇರಿಸ್ಬೇಕು, ಸಿಎ ಹತ್ರ ಕೂತು ಒಂದು ಚೀಟಿ ಬರಸ್ಕೊಂಡು ಫೈಲಿನಾಗ ಇಡ್ರಿ.

ಫೀ ಬ್ಯಾರೆ, ಟೆಸ್ಟ್ ಖರ್ಚು ಬ್ಯಾರೆ. ಯುರೋಪಿನಾಗ ಮೊದಲೇ ರಿಜಿಸ್ಟರ್ ಮಾಡಿದೋರ ಟೆಸ್ಟ್ ಡೇಟಾ ಬಳಸೋಕ ಲೆಟರ್ ಆಫ್ ಆಕ್ಸೆಸ್, ಅಂದ್ರ ಅವರ ಅನುಮತಿ ಪತ್ರ, ಕೊಂಡ್ಕೋಬೇಕು, ಅದು ಎಷ್ಟೋ ಸಲ ಸರ್ಕಾರಿ ಫೀಗಿಂತ ಹೆಚ್ಚಾಗ್ತದ. ಅದಕ್ಕ ಕೊಟೇಶನ್‌ನಾಗ ಮೂರು ಸಾಲು ಬ್ಯಾರೆ ಬ್ಯಾರೆ ಹಾಕ್ರಿ, ಸರ್ಕಾರಿ ಫೀ, ಡೇಟಾ ಖರ್ಚು, ಪ್ರತಿನಿಧಿಯ ವರ್ಷದ ಚಾರ್ಜ್, ಒಂದೊಂದರ ಮುಂದೂ ಯಾರು ಕಟ್ಟೋರು ಅಂತ ಬರೀರಿ. ನೀವೇ ಕಟ್ಟಿದ್ರ ರಿಜಿಸ್ಟ್ರೇಶನ್ ನಿಮ್ಮ ಕೈಯಾಗ ಇರ್ತದ, ನಾಳೆ ಇನ್ನೊಬ್ಬ ಬೈಯರ್‌ಗೂ ಮಾರಬಹುದು, ಬೈಯರ್ ಕಟ್ಟಿದ್ರ ಅದು ಅವನದೇ. ದುಡ್ಡು ಇದ್ರ ನೀವೇ ಕಟ್ರಿ ಅಂತೀನಿ.

ಯುರೋಪಿನ ಆಫೀಸಿನಿಂದ ಫೀ ಇನ್‌ವಾಯ್ಸ್ ಬಂದ ಮ್ಯಾಲ ತಡ ಮಾಡಬ್ಯಾಡ್ರಿ, ಕೊಟ್ಟ ಗಡುವು ಮೀರಿ, ಮತ್ತ ಕೊಟ್ಟ ಗಡುವೂ ಮೀರಿದ್ರ ಅರ್ಜಿ ತಿರಸ್ಕಾರ. ಪ್ರತಿನಿಧಿಗೆ ದುಡ್ಡು ಕಳಿಸುವಾಗ ಬ್ಯಾಂಕಿನಾಗ ಎಲ್ಲಾ ಚಾರ್ಜು ನಮ್ಮದೇ ಅಂತ ಫಾರ್ಮ್‌ನಾಗ ಹಾಕ್ಸಿ, ಇನ್‌ವಾಯ್ಸ್ ನಂಬರ್ ಬರಸ್ರಿ, ಇಲ್ಲಾಂದ್ರ ನಡುವಿನ ಬ್ಯಾಂಕು ಇಪ್ಪತ್ತು ಮೂವತ್ತು ಯೂರೋ ಮುರ್ಕೊಂಡು ದುಡ್ಡು ಕಡಿಮಿ ಮುಟ್ಟತದ.